ಮೊದಲು ಟ್ಯೂಬು ತೋರಿಸಿ



   ನಮ್ಮ ಚರ್ಮವೈದ್ಯರ ಸಂಘದ ಈ ಅಧ್ಯಕ್ಷ ಭಾಷಣದಲ್ಲಿ ನೇರವಾಗಿ ಮೊಬೈಲಿನಲ್ಲಿ ಬರುವ ದದ್ದಿನ ವಿಷಯಕ್ಕೆ ಬರುತ್ತೇನೆ.

ಫೋನಿನಲ್ಲಿ ವೈದ್ಯ ಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ. 2020ರ ಮಾರ್ಚ್ 25ರಂದು ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಮರುತಿಂಗಳೇ ಸರ್ಕಾರದ ಇ-ಸಂಜೀವನಿಯ ಹೊರರೋಗಿ ಸೇವೆ ಮನೆಮನೆಗೆ ತೆರೆಯಿತು. ಔರಾದಿನಲ್ಲೋ ಹನೂರಿನ ಕಾಡಂಚಿನಲ್ಲೋ ಇರುವ ಕೂಲಿಯವರು ತುರಿಕೆಗೆಂದು ದಿನದ ಸಂಬಳ ಬಿಟ್ಟು ಜಿಲ್ಲಾ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಿಲ್ಲ ಎಂದಾದರೆ ಬೇಡ ಎನ್ನುವವರು ಯಾರು? ನಮ್ಮ ವಿಭಾಗಕ್ಕಂತೂ ಇದು ಹೇಳಿ ಮಾಡಿಸಿದಂತಿದೆ. ಎದೆಯ ಸದ್ದು ಫೋಟೋದಲ್ಲಿ ಕೇಳದು, ಸರ್ಪಸುತ್ತು ಕಾಣುತ್ತದೆ. ಮೈಯ ಒಂದೇ ಮಗ್ಗುಲಲ್ಲಿ ಪಟ್ಟಿಯಾಗಿ ಎದ್ದ ಗುಳ್ಳೆಗಳ ಗೊಂಚಲು, ಅದಕ್ಕೂ ಮೊದಲೇ ಶುರುವಾದ ಉರಿ: ಇಷ್ಟು ತಿಳಿದರೆ 72 ಗಂಟೆಯೊಳಗೆ ಮಾತ್ರೆ ಶುರು ಮಾಡಬಹುದು. ಅಲ್ಲಿ ಫೋನು ಬಸ್ಸಿಗಿಂತ ಬೇಗ ತಲುಪುತ್ತದೆ.

ಕೊರೊನಾ ಸೋಂಕಿನ ಕಾಲಕ್ಕೆ ಮುಂಚೆ ಇದೇ ಸಂಘದ ಸಭೆಯಲ್ಲಿ ನಾನು ಈ ಮಾತೆತ್ತಿದಾಗ, “ಮುಟ್ಟದೆ ಮದ್ದು ಕೊಡುವವನು ವೈದ್ಯನೇನ್ರೀ?” ಎಂದು ಎದ್ದು ನಿಂತು ಗದರಿದವರಿದ್ದರು. ಆಮೇಲೆ ಅವರಲ್ಲೇ ಕೆಲವರು ಆ್ಯಪುಗಳ ಜಾಹೀರಾತಿನಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡು ನಗುತ್ತಿದ್ದರು. ಚರ್ಮದ ಡಾಕ್ಟರಿಗೆ ಸ್ಟೆತಾಸ್ಕೋಪು ಯಾಕೆಂದು ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ ಎಂದು ಬೇಕಾದರೆ ತಿಳಿಯಿರಿ.

ನಾನು ಇಷ್ಟು ವರ್ಷ ಜಗಳವಾಡುತ್ತ ಬಂದಿರುವುದು ಒಂದು ಪ್ರಶ್ನೆಗಾಗಿ: ಫೋಟೋ ಕಳಿಸುವ ಮುಂಚೆ ಆ ದದ್ದಿಗೆ ಏನು ಹಚ್ಚಿದ್ದೀರಿ?

ಏನನ್ನೂ ಹಚ್ಚಿಕೊಳ್ಳದೆ ನಮ್ಮ ಬಳಿ ಬರುವವರು ಅಪರೂಪ. ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದರೆ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. “ತುರಿಕೆಗೆ ಏನಾದ್ರೂ ಕೊಡಿ” ಎಂದರೆ ಒಂದು ಟ್ಯೂಬು ಕೈಗೆ ಬರುತ್ತದೆ. ಅದರಲ್ಲಿ ಬಹಳ ಸಲ ಕ್ಲೊಬೆಟಸಾಲ್ ಇರುತ್ತದೆ, ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಪ್ರಬಲವಾದದ್ದು. ಜೊತೆಗೆ ಶಿಲೀಂಧ್ರಕ್ಕೊಂದು ಮದ್ದು, ಬ್ಯಾಕ್ಟೀರಿಯಾಕ್ಕೆ ಒಂದೆರಡು ಮದ್ದು. ಯಾವ ರೋಗವೆಂದು ತಿಳಿಯದವನು ಎಲ್ಲ ರೋಗಕ್ಕೂ ಸೇರಿಸಿ ಮಾಡಿದ ಪಾಕ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ಚರ್ಮದ ಪ್ರತಿರೋಧ ಮಲಗಿರುವುದರಿಂದ ಹುಳುಕಡ್ಡಿ ಮಾತ್ರ ನೆಮ್ಮದಿಯಾಗಿ ಹರಡುತ್ತದೆ. ಹಚ್ಚುವುದು ಬಿಟ್ಟರೆ ಉಕ್ಕುತ್ತದೆ, ಮತ್ತೆ ಅದೇ ಟ್ಯೂಬು. ಮನೆಮಂದಿಗೆಲ್ಲ ಒಂದೇ ಟ್ಯೂಬು, ಒಂದೇ ಟವೆಲು.

ತಿಂಗಳುಗಳ ಮೇಲೆ ಫೋಟೋ ನಮ್ಮ ಕೈಗೆ ಬಂದಾಗ ಅಂಚೆದ್ದ ಉಂಗುರ ಅಲ್ಲಿರುವುದಿಲ್ಲ. ಅಂಚು ಅಳಿಸಿದೆ, ಅಲ್ಲಲ್ಲಿ ಗುಳ್ಳೆ ಎದ್ದಿದೆ, ತೊಡೆಯ ಚರ್ಮ ತೆಳುವಾಗಿ ಬಿರಿದ ಗೆರೆಗಳು ಬಂದಿವೆ. ಇಸುಬು ಎಂದರೆ ಇಸುಬು, ಸೋರಿಯಾಸಿಸ್ ಎಂದರೆ ಸೋರಿಯಾಸಿಸ್. ನಾವು ಓದುವಾಗ ಟಿನಿಯಾ ಇನ್‌ಕಾಗ್ನಿಟೊ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಐದು ನಿಮಿಷದ ಕರೆಯಲ್ಲಿ ಡಾಕ್ಟರು ಇಸುಬು ಎಂದು ಬರೆಯುತ್ತಾರೆ. ಇಸುಬಿಗೆ ಮದ್ದೇನು? ಮತ್ತೆ ಸ್ಟೀರಾಯ್ಡು, ಈ ಸಲ ಡಾಕ್ಟರ ಸಹಿಯೊಂದಿಗೆ.

ಇದು ಕೇವಲ ಅವರವರ ತೊಡೆಯ ಸಮಾಚಾರವಾಗಿದ್ದರೆ ನಾನಿಷ್ಟು ಕೂಗಾಡುತ್ತಿರಲಿಲ್ಲ. ಹುಳುಕಡ್ಡಿಗೆ ಕೊಡುವ ಟರ್ಬಿನಾಫಿನ್‌ಗೆ ಬಗ್ಗದ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರು ಹೊತ್ತು ಅದು ಈಗ ಯುರೋಪು, ಅಮೆರಿಕಗಳಲ್ಲೂ ಕಾಣಿಸಿಕೊಂಡಿದೆ. ಅದು ಇಷ್ಟು ಹಬ್ಬಲು ಇಂಥ ಮಿಶ್ರಣಗಳ ಬೇಕಾಬಿಟ್ಟಿ ಬಳಕೆಯೂ ಒಂದು ಕಾರಣವೆಂದು ನಮ್ಮ ದೇಶದ ಚರ್ಮವೈದ್ಯರು ಹೇಳುತ್ತಲೇ ಬಂದಿದ್ದಾರೆ.

ಕಾನೂನು ಇಲ್ಲದಿಲ್ಲ. ಹಚ್ಚುವ ಸ್ಟೀರಾಯ್ಡುಗಳಲ್ಲಿ 14ನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಶೆಡ್ಯೂಲ್ ಎಚ್ ಬಿಗಿಯಾಯಿತು. ನಾವೆಲ್ಲ ಸಿಹಿ ಹಂಚಿದೆವು. ಅಂದು ಮುಚ್ಚಿದ ಬಾಗಿಲನ್ನು ಈಗ ಪಿಡಿಎಫ್ ಚೀಟಿ ತೆರೆದಿದೆ. ಅಕ್ಕನಿಗೆ ಬರೆದದ್ದು ಕುಟುಂಬದ ವಾಟ್ಸಾಪ್ ಗುಂಪಿಗೆ ಬೀಳುತ್ತದೆ, ಅಲ್ಲಿಂದ ಭಾವನಿಗೆ, ಭಾವನಿಂದ ಅವರ ಅಂಗಡಿಯ ಹುಡುಗನಿಗೆ. ಚೀಟಿಯಲ್ಲಿ ಎಷ್ಟು ಗ್ರಾಂ, ಎಷ್ಟು ದಿನ ಎಂದಿಲ್ಲದಿದ್ದರೆ ಅದಕ್ಕೆ ಸಾವೇ ಇಲ್ಲ. 2020ರ ಮಾರ್ಗಸೂಚಿ ಮೊದಲ ಭೇಟಿಯಲ್ಲೇ ಬರೆಯಬಹುದಾದ ಎ ಪಟ್ಟಿಯ ಮದ್ದುಗಳಿಗೆ ವಿಡಿಯೋ ಕರೆ ಬೇಕೆನ್ನುತ್ತದೆ. ಅಲ್ಲಿ ಚರ್ಮಕ್ಕೆಂದು ಉದಾಹರಿಸಿದ ಹೆಸರುಗಳು ಕ್ಲೋಟ್ರಿಮಝೋಲ್, ಮುಪಿರೋಸಿನ್, ಕ್ಯಾಲಮೈನ್, ಬೆಂಝೈಲ್ ಬೆಂಝೋಯೇಟ್. ಕ್ಲೊಬೆಟಸಾಲ್ ಆ ಸಾಲಿನಲ್ಲಿಲ್ಲ. ಒಂದು ಮಸುಕು ಫೋಟೋ ನೋಡಿ ಅದನ್ನು ಬರೆಯುವವರು ಯಾವ ಪಟ್ಟಿ ಓದಿದ್ದಾರೋ!

ಟ್ಯೂಬಿನ ಪ್ರಶ್ನೆಯನ್ನು ಆ್ಯಪಿನ ಮೊದಲ ಪುಟದಲ್ಲೇ ಹಾಕಿ ಎಂದು ಒಂದು ಕಂಪನಿಯವರನ್ನು ಕೇಳಿದ್ದೆ. ಪ್ರಶ್ನೆ ಜಾಸ್ತಿಯಾದರೆ ಜನ ದುಡ್ಡು ಕಟ್ಟುವ ಮುಂಚೆಯೇ ಹೋಗಿಬಿಡುತ್ತಾರೆ ಎಂದರು. ಅವರದು ವ್ಯಾಪಾರ, ಒಪ್ಪೋಣ. ನಮ್ಮ ಸಂಘಕ್ಕೇನಾಗಿತ್ತು? ನಿರ್ಣಯ ತಂದರೆ ಉಪಸಮಿತಿಗೆ ಒಪ್ಪಿಸಿದರು. ಉಪಸಮಿತಿಯ ಚಹಾ ಖರ್ಚು ಲೆಕ್ಕಪತ್ರದಲ್ಲಿದೆ, ವರದಿ ಎಲ್ಲಿದೆಯೋ ಕಾರ್ಯದರ್ಶಿಗಳೇ ಹೇಳಬೇಕು.

ಈಗ ನಾನು ಕೇಳುವುದು ಇಷ್ಟು. ರೋಗಿ ಕಳಿಸುವ ಮೊದಲ ಚಿತ್ರ ದದ್ದಿನದಾಗಬಾರದು. ಮನೆಯಲ್ಲಿರುವ ಟ್ಯೂಬು, ಮಾತ್ರೆ, ನಾಟಿ ಎಣ್ಣೆ ಎಲ್ಲವನ್ನೂ ಟೇಬಲ್ಲಿನ ಮೇಲಿಟ್ಟು ತೆಗೆದದ್ದಾಗಬೇಕು. ಆಮೇಲೆ ದದ್ದು: ಹಗಲು ಬೆಳಕಿನಲ್ಲಿ ದೂರದಿಂದೊಂದು, ಪಕ್ಕದಲ್ಲಿ ರೂಪಾಯಿ ನಾಣ್ಯವಿಟ್ಟು ಹತ್ತಿರದಿಂದೊಂದು, ಬ್ಯೂಟಿ ಫಿಲ್ಟರ್ ತೆಗೆದು. ಕೆಲಸ ಏನೆಂದು ಕೇಳಿ. ಸಿಮೆಂಟು ಕಲಸುವ ಕೈ, ಮಂಗಳೂರು ಕಡೆ ಗೇರುಬೀಜ ಸುಲಿಯುವ ಬೆರಳು, ಕಾಂಗ್ರೆಸ್ ಹುಲ್ಲಿನ ನಡುವೆ ಕಳೆ ಕೀಳುವವರ ರೆಪ್ಪೆ ಕತ್ತು, ಇವು ಯಾವುವೂ ತಮ್ಮ ಕಥೆಯನ್ನು ಫೋಟೋದಲ್ಲಿ ಹೇಳುವುದಿಲ್ಲ. ಸ್ಟೀರಾಯ್ಡು ಬರೆದರೆ ಗ್ರಾಮೂ ಬರೆಯಿರಿ, ನಿಲ್ಲಿಸುವ ತಾರೀಖೂ ಬರೆಯಿರಿ. ಬೆರಳ ತುದಿಯಿಂದ ಮೊದಲ ಗೆಣ್ಣಿನ ತನಕ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಅಗಲಕ್ಕೆ ಸಾಕು. ಇದನ್ನು ಹೇಳಲು ಅರ್ಧ ನಿಮಿಷವೂ ಬೇಡ.

ಹುಳುಕಡ್ಡಿಯ ಅನುಮಾನ ಬಂದರೆ ಕೆರೆದ ಹೊಟ್ಟಿಗೆ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ನೋಡುವ ಪರೀಕ್ಷೆಯಿದೆ. ಕಫ ಪರೀಕ್ಷೆಗೆಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಸೂಕ್ಷ್ಮದರ್ಶಕ ಇದ್ದೇ ಇದೆ, ಅದರ ಮುಂದೆ ಕೂರುವ ತಂತ್ರಜ್ಞರಿಗೆ ಒಂದಿಷ್ಟು ತರಬೇತಿ ಬೇಕು ಅಷ್ಟೆ.

ಸ್ಪರ್ಶ ತಿಳಿಯದ ಬಿಳಿಚು ಮಚ್ಚೆಯನ್ನು ಫೋನಿನಲ್ಲಿ ತೀರ್ಮಾನಿಸಬೇಡಿ, ಅದು ಕುಷ್ಠವಿರಬಹುದು. ಕುಷ್ಠ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ದೇಶ 2005ರ ಡಿಸೆಂಬರಿನಲ್ಲಿ ಘೋಷಿಸಿದರೂ ರೋಗಿಗಳು ಬರುತ್ತಲೇ ಇದ್ದಾರೆ. ಹೊಸ ಮಾತ್ರೆ ಶುರುವಾದ ಮೇಲೆ ಜ್ವರ, ಬಾಯಲ್ಲಿ ಹುಣ್ಣು, ಸುಲಿಯುವ ಚರ್ಮ ಕಂಡರೆ ಮಾತು ನಿಲ್ಲಿಸಿ ಆಂಬುಲೆನ್ಸಿಗೆ ಹೇಳಿ.

ಇನ್ನು ನನ್ನ ಆಸೆಗಳು. ಕೆಂಪು ಎನ್ನುವುದು ನಮ್ಮ ಕಂದು ಮೈಯಲ್ಲಿ ನೇರಳೆಯಾಗಿಯೋ ಬರೀ ಕಪ್ಪಾಗಿಯೋ ಕಾಣುತ್ತದೆ. ಬೀದರಿನಿಂದ ಚಾಮರಾಜನಗರದವರೆಗಿನ ಮೈಬಣ್ಣಗಳಲ್ಲಿ ದದ್ದುಗಳ ಚಿತ್ರಸಂಪುಟವೊಂದು ಕನ್ನಡದಲ್ಲಿ ಬರಬೇಕು. ಪ್ರತಿ ತಾಲ್ಲೂಕಿಗೊಬ್ಬ ಚರ್ಮವೈದ್ಯರು ಬರಬೇಕು. ಆ ಮಿಶ್ರಣದ ಟ್ಯೂಬುಗಳು ಅಂಗಡಿಯಿಂದಲೇ ಮಾಯವಾಗಬೇಕು. ಇವು ನನ್ನ ಅಧ್ಯಕ್ಷಾವಧಿಯಲ್ಲಿ ಆಗುವ ಕೆಲಸಗಳಲ್ಲ ಎಂಬುದು ನನಗೂ ಗೊತ್ತು.

ಟ್ಯೂಬಿನ ನಿರ್ಣಯ ಮಾತ್ರ ಇವತ್ತೇ ಆಗಬಹುದು. ಮಧ್ಯಾಹ್ನ ಮೂರಕ್ಕೆ ಸರ್ವಸದಸ್ಯರ ಸಭೆಯಲ್ಲಿ ಅದನ್ನು ಮತ್ತೆ ಮಂಡಿಸುತ್ತೇನೆ. ಹೋದ ಸಲ ಕೋರಂ ಇಲ್ಲದೆ ಬಿದ್ದುಹೋಯಿತು. ದಯವಿಟ್ಟು ಊಟ ಮುಗಿಸಿ ನೇರ ಬಸ್ ಸ್ಟ್ಯಾಂಡಿಗೆ ಹೋಗಬೇಡಿ, ಸಭೆಗೆ ಬಂದು ಕೈ ಎತ್ತಿ.