ನೇರಳೆ ಹಣ್ಣು ಹೊಟ್ಟೆ ದಾಟಿದ ಮೇಲೆ

ಜ್ಯೂಸ್ ಬಾಟಲಿ ಮೇಲೆ ‘ಆ್ಯಂಟಿ ಆಕ್ಸಿಡೆಂಟ್ ಭರಪೂರ’ ಅಂತ ಬರೆದಿರ್ತಾರಲ್ಲ, ಅದನ್ನ ಅಳೆದದ್ದು ಹೇಗೆ? ಎಷ್ಟೋ ಸಲ ಹಣ್ಣಿನ ಸಾರವನ್ನು ಮೆಥನಾಲ್‌ನಂಥ ದ್ರಾವಕದಲ್ಲಿ ತೆಗೆದು ಅಳೀತಾರೆ. ನಮ್ಮ ಹೊಟ್ಟೆಯಲ್ಲಿ ಮೆಥನಾಲ್ ಎಲ್ಲಿಂದ ಬರಬೇಕು!

ಅದಕ್ಕೇ ಲ್ಯಾಬ್‌ನಲ್ಲಿ ಗಾಜಿನ ಹೊಟ್ಟೆ. 2014ರಲ್ಲಿ ಬಂದು 2019ರಲ್ಲಿ ಪರಿಷ್ಕರಣೆಯಾದ ‘ಇನ್ಫೋಜೆಸ್ಟ್’ ವಿಧಾನ ಇದು. 37 ಡಿಗ್ರಿ ಬಿಸಿಯಲ್ಲಿ, ಮೊದಲು ಕೃತಕ ಜೊಲ್ಲಿನ ಜೊತೆ 2 ನಿಮಿಷ. ಪೆಪ್ಸಿನ್ ಹಾಕಿ ಪಿಎಚ್ 3ರ ಹುಳಿಯಲ್ಲಿ 2 ಗಂಟೆ. ಆಮೇಲೆ ಪಿತ್ತರಸ, ಪ್ಯಾಂಕ್ರಿಯಾಟಿನ್ ಸೇರಿಸಿ ಪಿಎಚ್ 7ರಲ್ಲಿ ಮತ್ತೆ 2 ಗಂಟೆ.

ನನಗೆ ನೋಡೋಕೆ ಇಷ್ಟ ನೇರಳೆ ಹಣ್ಣು. ಹುಳಿಯಲ್ಲಿ ಕೆಂಪಗೆ ಹೊಳೆಯುತ್ತೆ. ಕರುಳಿನ ಹಂತಕ್ಕೆ ಬಂತೋ, ನೀಲಿಗೆ ತಿರುಗಿ ಮಂಕಾಗುತ್ತೆ. ಬಣ್ಣ ಕೊಡೋ ಆಂಥೋಸಯಾನಿನ್ ಅಲ್ಲಿ ಬಹುಪಾಲು ನಿಲ್ಲಲ್ಲ, ಒಡೆದುಹೋಗುತ್ತೆ. ಹಾಗಂತ ಎಲ್ಲಾ ನಷ್ಟ ಅಲ್ಲ. ನಾರಿಗೆ ಅಂಟಿದ ಪಾಲಿಫಿನಾಲ್ ದೊಡ್ಡ ಕರುಳಿನವರೆಗೂ ಹೋಗಿ ಬ್ಯಾಕ್ಟೀರಿಯಾಗಳಿಗೆ ಸಿಗುತ್ತೆ. ಜ್ಯೂಸ್ ಸೋಸಿದರೆ ಆ ನಾರು ಜರಡಿಯಲ್ಲೇ ಉಳೀತು, ನೋಡಿ.

ಅಮೆರಿಕದ ಕೃಷಿ ಇಲಾಖೆಯಂತೂ 2012ರಲ್ಲಿ ತನ್ನ ‘ಓರ್ಯಾಕ್’ ಪಟ್ಟಿಯನ್ನೇ ವೆಬ್‌ಸೈಟ್‌ನಿಂದ ತೆಗೆದುಹಾಕಿತು. ಪ್ರನಾಳದ ಅಂಕಿಯನ್ನ ದೇಹಕ್ಕೆ ಹೊಂದಿಸೋಕಾಗಲ್ಲ, ಕಂಪನಿಗಳು ಅದನ್ನ ಜಾಹೀರಾತಿಗೆ ದುರ್ಬಳಕೆ ಮಾಡ್ತಿವೆ ಅಂತ. ನಮ್ಮದೂ ಗಾಜೇ ಅನ್ನಿ. ಕರುಳು ದಾಟಿ ರಕ್ತಕ್ಕೆ ಎಷ್ಟು ಸೇರಿತು ಅನ್ನೋದನ್ನ ಈ ಫ್ಲಾಸ್ಕೂ ಹೇಳಲ್ಲ.