ಜಕರಂದವೂ ಟೊಪ್ಪಿಯ ಕೋತಿಯೂ



ಮಾರ್ಚಿ ತಿಂಗಳಿನಲ್ಲಿ ಹಲಸೂರಿನಿಂದ ಇಂದಿರಾನಗರದ ಕಡೆಗೆ ನಡೆದುಹೋಗುವವರಿಗೆ ಎರಡು ನೋಟಗಳು ಹೊಸವಲ್ಲ. ಎಲೆಯುದುರಿಸಿ ಊದಾಬಣ್ಣದ ಹೂವನ್ನು ಹೊತ್ತು ನಿಂತ ಜಕರಂದದ ಮರ ಒಂದು. ಯಾರದೋ ತಾರಸಿಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಕೈಯಿಕ್ಕುವ ಕೋತಿ ಇನ್ನೊಂದು. ಮೊದಲನೆಯದನ್ನು ನಾವು ನಿಂತು ನೋಡುತ್ತೇವೆ. ಎರಡನೆಯದನ್ನು ಕಂಡೊಡನೆ ಕೋಲು ಹುಡುಕುತ್ತೇವೆ. ಆದರೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇವೆರಡಕ್ಕೂ ಒಂದೇ ಪಂಕ್ತಿ: ಎರಡೂ ಅಳಿವಿನ ಅಪಾಯದತ್ತ ಸಾಗಿರುವವು.

ಕಣ್ಣೆದುರಿಗೆ ಇಷ್ಟು ಧಾರಾಳವಾಗಿರುವುದಕ್ಕೆ ಅಪಾಯವೆಲ್ಲಿಂದ ಬಂತು ಎಂದು ಕೇಳಬಹುದು. ಜಕರಂದದ ವಿಷಯದಲ್ಲಿ ಉತ್ತರ ಸುಲಭ. ಅದರ ತೌರು ದಕ್ಷಿಣ ಅಮೆರಿಕದ ಬೊಲಿವಿಯ, ಅರ್ಜೆಂಟೀನಗಳ ಕಾಡು. ಆ ಕಾಡು ಹೊಲವಾಗುತ್ತ ಬಂದಿದೆ. ಬೀಜ ಮಾತ್ರ ಮನುಷ್ಯರ ಅಕ್ಕರೆಯಿಂದ ಲೋಕವನ್ನೇ ಸುತ್ತಿತು. ತೌರು ಬಡವಾದರೂ ಮಗಳು ಪರದೇಶದಲ್ಲಿ ಸುಖವಾಗಿದ್ದಾಳೆ.

ಕೋತಿಗೆ ಆ ಭಾಗ್ಯವಿಲ್ಲ. ನೆತ್ತಿಯ ಮೇಲೆ ಟೊಪ್ಪಿಯಿಟ್ಟಂತೆ ಕೂದಲುಳ್ಳ ಈ ಜಾತಿಗೆ ನಮ್ಮ ಪರ್ಯಾಯದ್ವೀಪವೊಂದೇ ಮನೆ. ಮೈಸೂರಿನ ಸುತ್ತಣ ಹೆದ್ದಾರಿಗಳಲ್ಲಿ ವಿದ್ವಾಂಸರು ಇವನ್ನು ಎಣಿಸುತ್ತ ಬಂದು, 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಮಾರು 25 ವರ್ಷಗಳಲ್ಲಿ ಶೇಕಡ 65ಕ್ಕೂ ಮೇಲ್ಪಟ್ಟು ಕಡಮೆಯಾಗಿದ್ದುವು. ರಸ್ತೆಯನ್ನು ಅಗಲಮಾಡುವಾಗ ಆಲದ ಸಾಲುಮರಗಳು ಉರುಳಿದುದು ಇದಕ್ಕೆ ಒಂದು ಮುಖ್ಯ ಕಾರಣ. ಆಲವೆಂದರೆ ಕೋತಿಗೆ ಊಟದ ಮನೆಯೂ ಹೌದು, ಮಲಗುವ ಮನೆಯೂ ಹೌದು.

ಇಲ್ಲಿಯೇ ನಮ್ಮ ಹೋಲಿಕೆ ಸ್ವಲ್ಪ ಕಹಿಯಾಗುತ್ತದೆ. ನಗರದಲ್ಲಿ ಹಣ್ಣಿನ ಮರ ಹೋದೆಡೆ ಹೂವಿನ ಮರ ಬಂದರೆ ನಮ್ಮ ಕಣ್ಣಿಗೆ ನಷ್ಟ ಕಾಣುವುದಿಲ್ಲ. ಜಕರಂದದ ಕಾಯಿ ಮರದ ಬಿಲ್ಲೆಯಂತೆ ಗಟ್ಟಿ. ಒಳಗಿರುವುದು ಕಾಗದದಂಥ ರೆಕ್ಕೆಯ ಬೀಜ. ಅದರಲ್ಲಿ ಕೋತಿಗೆ ತುತ್ತಿಲ್ಲ. ಮರದ ತಪ್ಪೇನೂ ಅಲ್ಲ. ನಾವೂ ಅದರ ಬಣ್ಣಕ್ಕೆ ಸೋತವರೇ. ಹಸಿದ ಹಿಂಡು ತಾರಸಿಗೆ ಏರುತ್ತದೆ. ಹಿಡಿಸಿ ದೂರದ ಕಾಡಿಗೆ ಬಿಡಿಸೋಣವೆಂಬ ಮಾತು ಒಡನೆ ಹೊರಡುತ್ತದೆ. ಬಿಟ್ಟಲ್ಲಿ ಅವು ಮತ್ತೊಂದು ಹಿಂಡಿನೊಡನೆ ಕಾದಾಡಬೇಕು, ಗುರುತಿಲ್ಲದ ನೆಲದಲ್ಲಿ ನೀರು ಹುಡುಕಬೇಕು. ಇಲ್ಲವೆ ಸಮೀಪದ ಹಳ್ಳಿಯ ಮಾಡಿನ ಮೇಲೆ ಕಾಣಿಸಿಕೊಳ್ಳಬೇಕು.

ಕೃಷ್ಣರಾಜಪುರದ ಕಡೆಯ ಹೊಸ ಬಡಾವಣೆಗಳಲ್ಲಿ ಹತ್ತು ಜಕರಂದಗಳ ನಡುವೆ ಒಂದು ಅತ್ತಿಯನ್ನೋ ಗೋಣಿಯನ್ನೋ ನೆಡುವಷ್ಟು ಜಾಗ ಇನ್ನೂ ಹುಡುಕಬಹುದು. ಹಣ್ಣು ಬಿದ್ದು ಮೋಟಾರು ಗಾಡಿ ಕೊಳೆಯಾಗುತ್ತದೆಂಬ ಆಕ್ಷೇಪಣೆ ಬರುವುದು ನಿಶ್ಚಯ. ಬರಲಿ.