ಹಲಸಿನ ಮರವೂ ಒಂದು ಕಾಲುಮಣೆಯೂ



ಈ ದಿನ ನಾವು ಹೇಳಹೊರಟಿರುವುದು ಮರಗೆಲಸದ ವಿಷಯ. ಪುಸ್ತಕವನ್ನು ಹಿಡಿದು ಬಾಳುವ ನಮ್ಮಂಥವರು ಬಾಚಿ ಉಳಿಗಳ ಮಾತನ್ನೆತ್ತುವುದು ಅಧಿಕಪ್ರಸಂಗವೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಹಿತ್ತಿಲಲ್ಲಿ ಬಿದ್ದ ಮರವನ್ನು ಏನು ಮಾಡತಕ್ಕದ್ದೆಂಬ ಪ್ರಶ್ನೆ ಪಟ್ಟಣದ ಗೃಹಸ್ಥರಿಗೂ ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಸಾಮಾನ್ಯವಾಗಿ ಅದು ಸೌದೆಯಾಗಿ ಹೋಗುತ್ತದೆ.

ನಮಗೆ ಬಂದದ್ದು ಹೀಗೆ. ಸಕಲೇಶಪುರದ ಕಡೆಯ ನಮ್ಮ ಹಳೆಯ ಮನೆಯ ಹಿಂದೆ ತಂದೆಯವರು ನೆಟ್ಟಿದ್ದ ಹಲಸೊಂದು ಆಷಾಢದ ಗಾಳಿಗೆ ಬುಡಮೇಲಾಯಿತು. ಸೌದೆಯವನು ಬಂದು ಬೆಲೆ ಹೇಳಿದನು. ತಾಯಿಯವರು ಒಳಗಿನಿಂದಲೇ, “ಅವರು ನೆಟ್ಟ ಮರ, ಒಲೆಗೆ ಹಾಕುವುದು ಬೇಡ” ಎಂದರು. ಅಲ್ಲಿಗೆ ವ್ಯಾಪಾರ ಮುಗಿಯಿತು. ಅವರು ಕುಳಿತುಕೊಳ್ಳುವುದಕ್ಕೆ ಏನಾದರೊಂದನ್ನು ಆ ಮರದಲ್ಲಿ ನಮ್ಮ ಕೈಯಿಂದಲೇ ಮಾಡಿಕೊಡುವೆವೆಂದು ಮಾತು ಕೊಟ್ಟೆವು. ಆಗ ಅವರಿಗೆ ಎಂಬತ್ತು ತುಂಬಿತ್ತು.

ನಡುವೆ ಒಂದು ಎಚ್ಚರಿಕೆ. ಗಂಧ, ಬೀಟೆ, ತೇಗಗಳು ನಮ್ಮ ಸ್ವಂತ ನೆಲದಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಡಿದು ಸಾಗಿಸುವಂತಿಲ್ಲ. 1976ರ ವೃಕ್ಷಸಂರಕ್ಷಣೆಯ ಕಾಯಿದೆ ಬೇರೆ ಅನೇಕ ಮರಗಳಿಗೂ ಅನ್ವಯಿಸುತ್ತದೆ. ವಿಚಾರಿಸಿಕೊಂಡು ಕೊಡಲಿಯನ್ನೆತ್ತುವುದು ಮೇಲು.

ಮರಗಳಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವ. ಜಾಲಿ ಬಹಳ ಗಡುಸು. ನೇಗಿಲಿಗೂ ಗಾಡಿಯ ಚಕ್ರಕ್ಕೂ ಒಗ್ಗಿದ್ದು. ಮಾವು ಎಲ್ಲೆಲ್ಲಿಯೂ ದೊರೆಯುತ್ತದೆ, ಆದರೆ ಬೇಗ ಹುಳು ಹಿಡಿಯುತ್ತದೆ. ಹಲಸಿನ ಚೇಗು ಕೊಯ್ದಾಗ ಅರಿಸಿನದ ಬಣ್ಣ. ಗಾಳಿ ಬೆಳಕುಗಳು ತಾಕಿದಂತೆಲ್ಲ ಕಂದುಬಣ್ಣಕ್ಕೆ ತಿರುಗುತ್ತದೆ. ಗೆದ್ದಲಿಗೆ ಅದು ಸುಲಭವಾಗಿ ವಶವಾಗದು. ವೀಣೆಯ ಕೊಡವನ್ನು ತೋಡುವುದು ಈ ಮರದಲ್ಲಿಯೇ. ಇಷ್ಟನ್ನು ತಿಳಿದು ನಾವು ಧೈರ್ಯವಾಗಿದ್ದೆವು.

ದಸರೆಯ ರಜದಲ್ಲಿ ಬೊಡ್ಡೆಯನ್ನು ಎರಡು ದಿಮ್ಮಿಗಳಾಗಿ ಕೊಯ್ಯಿಸಿದೆವು. ಒಂದನ್ನು ಬಿಸಿಲಿಗಿಟ್ಟೆವು, ಸ್ಥಳ ಸಾಲದೆ ಇನ್ನೊಂದನ್ನು ಕೊಟ್ಟಿಗೆಯೊಳಗೆ ಉರುಳಿಸಿದೆವು. ಬಿಸಿಲಿನದು ಬೇಗ ಒಣಗುವುದೆಂದು ನಮ್ಮ ಲೆಕ್ಕ. ಸಂಕ್ರಾಂತಿಗೆ ಹೋಗಿ ನೋಡಿದರೆ ಅದು ತುದಿಯಿಂದ ತುದಿಗೆ ಬಿರುಕುಬಿಟ್ಟಿತ್ತು. ಬಿರುಕಿನಲ್ಲಿ ಬೆರಳು ಹಿಡಿಯುತ್ತಿತ್ತು. ಊರಿನ ಆಚಾರ್ಯರು ಬಂದು ನೋಡಿ, “ಬಾಯಿ ಮುಚ್ಚಿಸಲಿಲ್ಲವೆ, ಸ್ವಾಮಿ?” ಎಂದು ಕೇಳಿದರು. ದಿಮ್ಮಿಯ ಎರಡು ತುದಿಗಳಿಗೂ ಸಗಣಿ ಬಳಿಯಬೇಕಾಗಿತ್ತೆಂದು ಅವರ ಅಭಿಪ್ರಾಯ.

ಇದರ ಕಾರಣವನ್ನು ನಾವು ಆಮೇಲೆ ಪುಸ್ತಕಗಳಲ್ಲಿ ಓದಿದೆವು. ಹಸಿಮರದ ನೀರು ತುದಿಗಳಿಂದ ಅತಿ ಬೇಗ ಹೊರಟುಹೋಗುತ್ತದೆ. ತೇವವು ಒಣಮರದ ತೂಕದಲ್ಲಿ ಶೇಕಡ 30ರಷ್ಟಕ್ಕೆ ಇಳಿಯುವವರೆಗೆ ಮರ ಹೆಚ್ಚುಕಡಮೆ ಇದ್ದಂತೆಯೇ ಇರುತ್ತದೆ, ಅಲ್ಲಿಂದಾಚೆಗೆ ಕುಗ್ಗತೊಡಗುತ್ತದೆ. ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಆದರೆ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುವುದೋ, ಸುತ್ತಳತೆಯಲ್ಲಿ ಅದರ ಸುಮಾರು ಇಮ್ಮಡಿ ಕುಗ್ಗುತ್ತದೆ. ಹಾಗಿರುವಾಗ ದುಂಡಾದ ದಿಮ್ಮಿ ಸೀಳದೆ ಇನ್ನೇನು ಮಾಡೀತು? ತಿರುಳಿನ ಮೂಲಕ ಕೊಯ್ದು ಹಲಗೆ ಮಾಡಿ, ನಡುನಡುವೆ ಸಣ್ಣ ರೀಪುಗಳನ್ನಿಟ್ಟು, ನೆರಳಿನಲ್ಲಿ ಗಾಳಿಯಾಡುವಂತೆ ಅಡುಕಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ವಾಡಿಕೆ.

ನಮ್ಮ ಹಲಗೆ ಎರಡಂಗುಲ. ಎಂಬತ್ತು ವರ್ಷದವರಿಗೆ ಇನ್ನೆರಡು ವರ್ಷ ಕಾಯಿರೆಂದು ಹೇಳುವುದು ಹೇಗೆ? “ಒಣಗಿತೇನೋ?” ಎಂದು ಅವರು ಪ್ರತಿಸಲವೂ ಕೇಳುತ್ತಿದ್ದರು.

ದಾರಿ ತೋರಿಸಿದವರು ಆಚಾರ್ಯರೇ. ಕಾಲುಗಳು ಸಣ್ಣವು, ಬೇಗ ಒಣಗುತ್ತವೆ. ಅವನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಚೆನ್ನಾಗಿ ಒಣಗಿಸಿ, ಇನ್ನೂ ಸ್ವಲ್ಪ ತೇವವಿರುವ ಹಲಗೆಗೆ ಜೋಡಿಸಿರೆಂದರು. ಹಲಗೆ ಒಣಗುತ್ತ ಕುಗ್ಗಿ ತಾನೇ ಕಾಲುಗಳನ್ನು ಬಿಗಿಹಿಡಿಯುತ್ತದೆ. ಇಂಗ್ಲೆಂಡಿನ ಬಕಿಂಗ್‌ಹ್ಯಾಂ ಸೀಮೆಯ ಬೀಚ್ ಕಾಡುಗಳಲ್ಲಿ ಕುಳಿತು ಹಸಿಮರದ ಕುರ್ಚಿಗಾಲುಗಳನ್ನು ಕಡೆಯುತ್ತಿದ್ದ ಕಸಬಿನವರ ವಿಷಯವನ್ನು ನಾವು ಓದಿದ್ದೆವು. ಮರದ ಇಂಥ ಗುಟ್ಟನ್ನು ನಮ್ಮೂರಿನ ಜಗಲಿಯ ಮೇಲೆ ಕೇಳುವೆವೆಂದು ಎಣಿಸಿರಲಿಲ್ಲ.

ಹೀಗೆ ಕೊಟ್ಟಿಗೆಯ ದಿಮ್ಮಿಯಿಂದ ಒಂದು ಹಲಗೆ ತೆಗೆದು ಬೇಸಗೆಯಲ್ಲಿ ಕೆಲಸಕ್ಕೆ ಕುಳಿತೆವು. ಮೂರೇ ಕಾಲು, ಮೂರು ಕಾಲಿನ ಪೀಠ ಎಂಥ ತಗ್ಗುದಿಣ್ಣೆಯ ನೆಲದಲ್ಲಿಯೂ ಅಲುಗದು. ಬೈರಿಗೆಯಿಂದ ಹಲಗೆಯಲ್ಲಿ ಓರೆಯಾಗಿ ತೂತು ಕೊರೆದು, ಕಾಲಿನ ತುದಿಯನ್ನು ಅದರಲ್ಲಿ ತೂರಿಸಿ, ಮೇಲಿನಿಂದ ಬೆಣೆ ಹೊಡೆದೆವು. ಬೆಣೆ ಹಲಗೆಯ ಎಳೆಗೆ ಅಡ್ಡವಾಗಿರಬೇಕು; ಎಳೆಯುದ್ದಕ್ಕೆ ಹೊಡೆದರೆ ಹಲಗೆಯೇ ಸೀಳುತ್ತದೆ. ಮೊದಲ ಬೆಣೆಯನ್ನು ನಾವು ತಪ್ಪಾಗಿ ಹಿಡಿದಿದ್ದೆವು. ಆಚಾರ್ಯರು ಮಾತಾಡದೆ ನಮ್ಮ ಕೈಯ ಕೊಡತಿಯನ್ನು ತೆಗೆದುಕೊಂಡು ಬೆಣೆಯನ್ನು ತಿರುಗಿಸಿಟ್ಟರು. ಮೊಳೆ ಒಂದೂ ಇಲ್ಲ. ಬಾಚಿಯ ಗುರುತುಗಳನ್ನು ತೋಪಡದಿಂದ ಅಳಿಸಲೂ ಇಲ್ಲ.

ತಾಯಿಯವರು ಜಗಲಿಗೆ ಬಂದು ಅದರ ಮೇಲೆ ಕುಳಿತರು. ಕೈಯಿಂದ ಅಂಚನ್ನು ಸವರಿದರು. ಸ್ವಲ್ಪ ಹೊತ್ತಿನ ಮೇಲೆ, “ಕಾಲು ನೆಲಕ್ಕೆ ತಾಕುವುದಿಲ್ಲ ಕಣೋ” ಎಂದರು. ಗರಗಸವನ್ನು ತಂದು ಮೂರು ಕಾಲುಗಳನ್ನೂ ಒಂದೊಂದಂಗುಲ ಕೊಯ್ದೆವು.